ಸ್ಪಿನ್ನಾ, ಪವರಾ, ಎರಡೂನಾ? ಟೇಬಲ್ ಟೆನಿಸ್‌ನಲ್ಲಿ (ಟಿಟಿ) ಫೋರ್‌ಹ್ಯಾಂಡ್ ಹೊಡೆತ ಆರಿಸಿಕೊಳ್ಳುವ ಬಗೆ

ಎದುರಾಳಿ ಪುಶ್ ಮಾಡಿದ, ಅಂದರೆ ಅಡಿಯಲ್ಲಿ ಸವರಿ ಮೆಲ್ಲಗೆ ತಳ್ಳಿದ ಚೆಂಡು ಉದ್ದವಾಗಿ ನಿಮ್ಮ ಫೋರ್‌ಹ್ಯಾಂಡ್ ಕಡೆ (ಬ್ಯಾಟ್ ಹಿಡಿದ ಕೈಯ ಕಡೆ) ಬರುತ್ತಿದೆ. ಉಜ್ಜಿ ಸ್ಪಿನ್ ತುಂಬಿ ಕಳಿಸಬೇಕಾ, ಬಲವಾಗಿ ಬಾರಿಸಬೇಕಾ, ಎರಡನ್ನೂ ಬೆರೆಸಬೇಕಾ? ಯೋಚಿಸಲು ಒಂದು ಸೆಕೆಂಡೂ ಸಿಗುವುದಿಲ್ಲ. ಹಾಗಾಗಿ ಯಾವ ಚೆಂಡಿಗೆ ಯಾವ ಹೊಡೆತ ಅನ್ನೋದು ಆಟಕ್ಕೆ ಇಳಿಯುವ ಮೊದಲೇ ತಲೆಯಲ್ಲಿ ಕೂತಿರಬೇಕು.

ಕ್ಲಬ್ಬುಗಳಲ್ಲಿ ಜಾಸ್ತಿ ಕೇಳಿಬರುವ ಸಲಹೆ "ಜೋರಾಗಿ ಹೊಡಿ". ಅದಕ್ಕೆ ಎದುರಾಗಿ ಇನ್ನೊಬ್ಬರು "ಪವರ್ ಬಿಡು, ಸುಮ್ನೆ ಸ್ಪಿನ್ ಹಾಕು" ಅನ್ನುತ್ತಾರೆ. ಇಬ್ಬರೂ ಸ್ಪಿನ್ ಮತ್ತು ಪವರ್ ಒಂದಕ್ಕೊಂದು ವಿರುದ್ಧ ಅಂದುಕೊಂಡಿರುತ್ತಾರೆ. ನನ್ನ ಪ್ರಕಾರ ವಿಷಯ ಹಾಗಿಲ್ಲ. ಕೆಳಗಿರುವ ಚೆಂಡನ್ನು ಜೋರಾಗಿ ಹೊಡೆಯಬೇಕಾದರೆ ಸ್ಪಿನ್ ಇರಲೇಬೇಕು. ಜೋರು ಹೆಚ್ಚಾದಷ್ಟೂ ಸ್ಪಿನ್ ಕೂಡ ಹೆಚ್ಚಬೇಕು. ಮೇಲೆದ್ದ ಚೆಂಡಿಗೆ ಆ ಕಟ್ಟು ಇಲ್ಲ. ಆದ್ದರಿಂದ ಮೊದಲು ನೋಡಬೇಕಾದ್ದು ಚೆಂಡು ಎಷ್ಟು ಎತ್ತರದಲ್ಲಿದೆ ಅನ್ನೋದನ್ನ.

ನೆಟ್‌ನ ಲೆಕ್ಕ

ಟೇಬಲ್ ಉದ್ದ 2.74 ಮೀಟರ್, ಅಂದರೆ ನೆಟ್‌ನಿಂದ ಆ ಕಡೆಯ ಅಂಚಿಗೆ 1.37 ಮೀಟರ್. ನೆಟ್ ಎತ್ತರ 15.25 ಸೆಂಟಿಮೀಟರ್. ನೀವು ಸ್ಪಿನ್ ಇಲ್ಲದೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 72 ಕಿ.ಮೀ. ವೇಗದಲ್ಲಿ ಹೊಡೆದಿರಿ ಅಂದುಕೊಳ್ಳಿ. ನೆಟ್ ದಾಟಿದ ಮೇಲೆ ಅಂಚು ತಲುಪಲು ಆ ಚೆಂಡಿಗೆ ಹಿಡಿಯುವುದು ಸೆಕೆಂಡಿನ ನೂರರಲ್ಲಿ 7 ಭಾಗ. ಅಷ್ಟರೊಳಗೆ ಭೂಮಿಯ ಸೆಳೆತ ಅದನ್ನು ಎಳೆಯುವುದು ಎರಡೂವರೆ ಸೆಂಟಿಮೀಟರ್‌ಗಿಂತ ಕಡಿಮೆ. ಇಳಿಯಬೇಕಾದ್ದು 15 ಸೆಂಟಿಮೀಟರ್! ಉಳಿದದ್ದನ್ನು ಯಾರು ಇಳಿಸಬೇಕು?

ಒಂದೋ ಚೆಂಡು ನೆಟ್ ದಾಟುವಾಗಲೇ ಕೆಳಮುಖವಾಗಿ ಹೋಗುತ್ತಿರಬೇಕು. ಇಲ್ಲವೇ ಟಾಪ್‌ಸ್ಪಿನ್ ಅದನ್ನು ಕೆಳಗೆ ಎಳೆಯಬೇಕು. ಮುಂದಕ್ಕೆ ಉರುಳುತ್ತಾ ಹಾರುವ ಚೆಂಡು ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ, ಗಾಳಿ ಚೆಂಡನ್ನು ಕೆಳಕ್ಕೆ ತಳ್ಳುತ್ತದೆ. ಇದೇ ಮ್ಯಾಗ್ನಸ್ ಪರಿಣಾಮ. ಚೆಂಡಿನ ತೂಕ ಬರೀ 2.7 ಗ್ರಾಂ. ಅಷ್ಟು ಹಗುರವಾದ್ದರಿಂದ ಈ ಎಳೆತ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿರುತ್ತದೆ.

ಸ್ಪಿನ್ ಇಲ್ಲದೆ ಹೊಡೆಯಲು ಚೆಂಡು ಎಷ್ಟು ಮೇಲಿರಬೇಕು? ಅದೇ ವೇಗಕ್ಕೆ ಲೆಕ್ಕ ಹಾಕಿದರೆ, ನಿಮ್ಮ ಕಡೆಯ ಅಂಚಿನ ಮೇಲೆ ಚೆಂಡು ಟೇಬಲ್‌ನಿಂದ ಸುಮಾರು 28 ಸೆಂಟಿಮೀಟರ್ ಮೇಲಿರಬೇಕು. ಹೆಚ್ಚುಕಡಿಮೆ ಎರಡು ನೆಟ್‌ನ ಎತ್ತರ. ನಿಮ್ಮ ಅರ್ಧದ ನಡುವೆ ಸಿಕ್ಕರೆ ಒಂದೂವರೆ ನೆಟ್ ಸಾಕು. ಇವೆಲ್ಲ ನೆಟ್ ತುದಿಯನ್ನೂ ಆಚೆ ಅಂಚನ್ನೂ ಸವರಿಕೊಂಡು ಹೋಗುವ ಚೆಂಡಿನ ಲೆಕ್ಕ. ನೆಮ್ಮದಿಯಾಗಿ ಹೊಡೆಯಬೇಕು ಅಂದರೆ ಚೆಂಡು ಇನ್ನೂ ಮೇಲಿರಬೇಕು. ನೆಟ್ ಮಟ್ಟದ ಚೆಂಡನ್ನು ಚಪ್ಪಟೆಯಾಗಿ ಬಾರಿಸಿ ಹತ್ತರಲ್ಲಿ ಏಳು ಸಲ ಹೊರಗೆ ಕಳಿಸುವ ಹುಡುಗನಿಗೆ "ಕಂಟ್ರೋಲ್ ಇಲ್ಲ" ಅಂತ ಬೈಯುತ್ತೇವೆ. ಅವನ ಕೈಯಲ್ಲಿ ದೋಷವಿಲ್ಲ, ಅವನು ಆರಿಸಿಕೊಂಡ ಹೊಡೆತಕ್ಕೆ ಅಲ್ಲಿ ಜಾಗವೇ ಇಲ್ಲ.

ನಿಧಾನದ ಚೆಂಡಿಗೆ ಈ ಕಷ್ಟವಿಲ್ಲ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಹೋದರೆ ಅದೇ ದೂರದಲ್ಲಿ ಸೆಳೆತವೇ 14 ಸೆಂಟಿಮೀಟರ್ ಇಳಿಸುತ್ತದೆ. ನಿಧಾನವಾಗಿ ಆಡಿದಾಗ ಚೆಂಡು ತಾನಾಗಿ ಟೇಬಲ್ ಮೇಲೆ ಬೀಳುವುದು ಇದಕ್ಕೇ.

ಬ್ಯಾಟಿನ ವೇಗವನ್ನು ಹಂಚುವುದು

ಚೆಂಡು ರಬ್ಬರಿಗೆ ಅಂಟಿರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ಆಗ ಬ್ಯಾಟಿನ ಮುಖ ಯಾವ ಕಡೆ ನೋಡುತ್ತಿದೆ, ಬ್ಯಾಟ್ ಯಾವ ಕಡೆ ಓಡುತ್ತಿದೆ ಅನ್ನುವ ಎರಡೇ ವಿಷಯ ಮುಖ್ಯ. ಮುಖ ನೋಡುವ ದಿಕ್ಕಿಗೇ ಬ್ಯಾಟ್ ಓಡಿದರೆ ಎಲ್ಲವೂ ವೇಗವಾಗುತ್ತದೆ, ಅದು ಚಪ್ಪಟೆ ಹೊಡೆತ. ಮುಖಕ್ಕೆ ಅಡ್ಡವಾಗಿ, ಚೆಂಡನ್ನು ಸವರಿಕೊಂಡು ಓಡಿದರೆ ಬಹುಪಾಲು ಸ್ಪಿನ್ ಆಗುತ್ತದೆ. ಒಂದೇ ಕೊಡದ ನೀರನ್ನು ಎರಡು ಪಾತ್ರೆಗೆ ಸುರಿದ ಹಾಗೆ, ಬ್ಯಾಟಿನ ವೇಗವನ್ನು ಇವೆರಡಕ್ಕೆ ಹಂಚುತ್ತೀರಿ. ಕೊಡ ದೊಡ್ಡದಿದ್ದರೆ ಎರಡಕ್ಕೂ ಸಾಕಷ್ಟು ಸಿಗುತ್ತದೆ. ಮೊದಲು ಬ್ಯಾಟಿನ ವೇಗ ಬೆಳೆಸಿ, ಹಂಚಿಕೆ ಆಮೇಲೆ ಅಂತ ಕೋಚ್‌ಗಳು ಹೇಳುವುದು ಈ ಕಾರಣಕ್ಕೆ.

ಆ ವೇಗ ಬರುವುದು ಭುಜದಿಂದಲ್ಲ. ಬಲಗೈ ಆಟಗಾರರಾದರೆ ಬಲಗಾಲಿನ ಒತ್ತಡ, ಆಮೇಲೆ ಸೊಂಟದ ತಿರುವು, ಆಮೇಲೆ ಮುಂಗೈ, ಕೊನೆಗೆ ಮಣಿಕಟ್ಟು. ಈ ಕ್ರಮ ತಪ್ಪಿಸಿ ಬರೀ ತೋಳು ಬೀಸಿದರೆ ವೇಗವೂ ಬರುವುದಿಲ್ಲ, ಭುಜವೂ ನೋಯುತ್ತದೆ.

ಮೊದಲ ಆಯ್ಕೆ: ನಿಧಾನದ, ಸ್ಪಿನ್ ತುಂಬಿದ ಲೂಪ್

ಲೂಪ್ ಅಂದರೆ ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿ ಟಾಪ್‌ಸ್ಪಿನ್ ಕೊಡುವ ಹೊಡೆತ. ಚೆಂಡು ನೆಟ್‌ಗಿಂತ ಕೆಳಗಿದ್ದಾಗ, ಬ್ಯಾಕ್‌ಸ್ಪಿನ್ (ಹಿಂದಕ್ಕೆ ಸುತ್ತುವ ಸ್ಪಿನ್) ಜಾಸ್ತಿ ಇದ್ದಾಗ, ಅಥವಾ ನಿಮ್ಮ ಕಾಲು ತಡವಾಗಿ ತಲುಪಿದಾಗ ಇದು. ಬ್ಯಾಟ್ ಮಂಡಿಯ ಹತ್ತಿರದಿಂದ ಶುರುವಾಗಿ ಮೇಲಕ್ಕೆ ಓಡುತ್ತದೆ. ಚೆಂಡು ಪುಟಿದು ಇಳಿಯಲು ಶುರುವಾದಾಗ ತೆಳುವಾಗಿ ಸವರಬೇಕು. ಶಬ್ದ ಬಹಳ ಕಡಿಮೆ ಇರುತ್ತದೆ.

ಇಲ್ಲಿ ಒಂದು ಸಂಗತಿ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಎದುರಾಳಿ ಕೊಟ್ಟ ಬ್ಯಾಕ್‌ಸ್ಪಿನ್ ಮತ್ತು ನೀವು ಕೊಡುವ ಟಾಪ್‌ಸ್ಪಿನ್, ಎರಡರಲ್ಲೂ ಚೆಂಡು ಸುತ್ತುವುದು ಒಂದೇ ದಿಕ್ಕಿಗೆ. ಚೆಂಡು ಹೋಗುವ ದಾರಿ ತಿರುಗಿತು ಅಷ್ಟೇ, ಸುತ್ತುವ ದಿಕ್ಕು ಹಾಗೇ ಇದೆ. ಅಂದರೆ ಎದುರಾಳಿ ಹಾಕಿದ ಸ್ಪಿನ್ ಮೇಲೆ ನೀವು ಇನ್ನಷ್ಟು ಸೇರಿಸುತ್ತೀರಿ. ಭಾರಿ ಚಾಪ್ (ಮೇಲಿಂದ ಕೆಳಕ್ಕೆ ಕೊಯ್ದು ಬ್ಯಾಕ್‌ಸ್ಪಿನ್ ಕೊಟ್ಟ ಹೊಡೆತ) ಮೇಲೆ ಹಾಕಿದ ಲೂಪ್‌ನಲ್ಲಿ ಅಷ್ಟೊಂದು ಸ್ಪಿನ್ ಇರುವುದು ಇದರಿಂದಲೇ. ಒಳ್ಳೆಯ ಆಟಗಾರರ ಲೂಪ್ ಸೆಕೆಂಡಿಗೆ 100 ಸುತ್ತು ದಾಟುತ್ತದೆ. ಎದುರಿನಿಂದ ಟಾಪ್‌ಸ್ಪಿನ್ ಬಂದಾಗ ಮಾತ್ರ ಸುತ್ತುವ ದಿಕ್ಕನ್ನೇ ನೀವು ತಿರುಗಿಸಬೇಕು, ಅಲ್ಲಿ ಸ್ಪಿನ್ ದುಬಾರಿ. ಆದರೆ ಆ ಚೆಂಡು ವೇಗವನ್ನು ತಾನೇ ತಂದುಕೊಟ್ಟಿರುತ್ತದೆ. ಹಾಗಾಗಿ ಬ್ಯಾಕ್‌ಸ್ಪಿನ್ ಚೆಂಡಿನಲ್ಲಿ ಸ್ಪಿನ್ ಸುಲಭ, ಟಾಪ್‌ಸ್ಪಿನ್ ಚೆಂಡಿನಲ್ಲಿ ಪವರ್ ಸುಲಭ. ಇಷ್ಟು ತಿಳಿದರೆ ಅರ್ಧ ಆಯ್ಕೆ ಮುಗಿಯಿತು.

ನಿಧಾನದ ಲೂಪ್‌ನ ಲಾಭ ಏನೆಂದರೆ ಚೆಂಡು ಟೇಬಲ್ ಮುಟ್ಟಿದ ಮೇಲೆ ಮುಂದಕ್ಕೆ ಚಿಮ್ಮುತ್ತದೆ. ಬ್ಲಾಕ್ ಮಾಡುವವರು, ಅಂದರೆ ಬೀಸದೆ ಬ್ಯಾಟ್ ಅಡ್ಡ ಹಿಡಿದು ಚೆಂಡು ವಾಪಸ್ ಕಳಿಸುವವರು, ಬ್ಯಾಟಿನ ಮುಖ ಸಾಕಷ್ಟು ಕೆಳಕ್ಕೆ ಬಾಗಿಸದಿದ್ದರೆ ಚೆಂಡು ಮೇಲೇಳುತ್ತದೆ ಇಲ್ಲವೇ ಹೊರಗೆ ಹೋಗುತ್ತದೆ. ನಿಮಗೆ ಮುಂದಿನ ಹೊಡೆತಕ್ಕೆ ಸಿದ್ಧವಾಗಲು ಸಮಯವೂ ಸಿಗುತ್ತದೆ. ಜರ್ಮನಿಯ ಟಿಮೋ ಬಾಲ್ ಅವರ ಹಳೆಯ ಪಂದ್ಯಗಳನ್ನು ನೋಡಿ. ಎಡಗೈಯಿಂದ ಅವರು ಹಾಕುವ ಲೂಪ್ ಬಹಳ ವೇಗವಾಗೇನೂ ಕಾಣುವುದಿಲ್ಲ, ಆದರೂ ಎದುರಿನವರ ಬ್ಯಾಟಿನಿಂದ ಚೆಂಡು ಎಲ್ಲೆಲ್ಲಿಗೋ ಹಾರುತ್ತದೆ.

ತೊಂದರೆಯೂ ಇದೆ. ಈ ಲೂಪ್ ಮೇಲೆದ್ದು ಟೇಬಲ್ ನಡುವೆ ಬಿದ್ದರೆ ಎದುರಾಳಿ ಅದನ್ನು ಸ್ಮ್ಯಾಶ್ ಮಾಡುತ್ತಾರೆ ಅಥವಾ ತಿರುಗಿ ಲೂಪ್ ಹಾಕುತ್ತಾರೆ. ಅಂಚಿನ ಹತ್ತಿರ ಬೀಳುವಂತೆ ಹಾಕಲೇಬೇಕು. ಎದುರಾಳಿಯ ಮೊಣಕೈ ಕಡೆಗೆ ಹಾಕಿದರೆ ಇನ್ನೂ ಒಳ್ಳೆಯದು. ಫೋರ್‌ಹ್ಯಾಂಡಾ ಬ್ಯಾಕ್‌ಹ್ಯಾಂಡಾ ಅಂತ ಅವರು ತಡವರಿಸುವುದು ಅಲ್ಲೇ.

ಇನ್ನೊಂದು ಮಾತು. ಚೆಂಡು 2000ದಲ್ಲಿ 38 ಮಿಲಿಮೀಟರ್‌ನಿಂದ 40ಕ್ಕೆ ದೊಡ್ಡದಾಯಿತು. 2014ರಲ್ಲಿ ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಬಂತು. ಎರಡು ಸಲವೂ ಸ್ಪಿನ್ ಒಂದಿಷ್ಟು ತಗ್ಗಿತು. ಹಿಂದೆ ಬರೀ ಸ್ಪಿನ್‌ನಿಂದ ಸಿಗುತ್ತಿದ್ದ ಪಾಯಿಂಟ್ ಈಗ ಮೇಲಿನ ಹಂತದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಕ್ಲಬ್ ಮಟ್ಟದಲ್ಲಿ ಈಗಲೂ ಚೆನ್ನಾಗಿ ಸಿಗುತ್ತದೆ.

ಎರಡನೆಯದು: ಪವರ್ ಲೂಪ್

ಇವತ್ತಿನ ಟಿಟಿ ಅಂದರೆ ಇದೇ. ಚೆಂಡು ನೆಟ್ ಮಟ್ಟದಲ್ಲೋ ಸ್ವಲ್ಪ ಮೇಲೋ ಇದ್ದು, ಕಾಲು ಸರಿಯಾದ ಜಾಗದಲ್ಲಿದ್ದರೆ ಬೇರೆ ಯೋಚನೆ ಬೇಡ. ನೆಟ್‌ಗಿಂತ ಸ್ವಲ್ಪ ಕೆಳಗಿದ್ದರೂ ಬ್ಯಾಟಿನ ವೇಗ ಚೆನ್ನಾಗಿರುವವರು ಇದನ್ನೇ ಆಡುತ್ತಾರೆ.

ಇಲ್ಲಿ ಚೆಂಡನ್ನು ಮೇಲ್ಮೈಯಲ್ಲಿ ಸವರಿದರೆ ಸಾಲದು. ಚೆಂಡು ಮೊದಲು ರಬ್ಬರಿನ ಕೆಳಗಿರುವ ಸ್ಪಾಂಜ್ ಪದರದ ಒಳಗೆ ಇಳಿಯಬೇಕು, ಇಳಿದ ಮೇಲೆ ಬ್ಯಾಟ್ ಅದನ್ನು ಮುಂದಕ್ಕೂ ಮೇಲಕ್ಕೂ ಎಳೆದುಕೊಂಡು ಹೋಗಬೇಕು. ಮೊದಲು ಒತ್ತು, ಆಮೇಲೆ ಉಜ್ಜು ಅನ್ನುವ ಹಾಗೆ. ನಿಜವಾಗಿ ಎರಡೂ ಒಟ್ಟಿಗೇ ಆಗುತ್ತವೆ, ಆದರೆ ಹಾಗೆ ಅಂದುಕೊಂಡು ಆಡಿದರೆ ಕೈಗೆ ಬೇಗ ಹತ್ತುತ್ತದೆ. ಸರಿಯಾಗಿ ಆದಾಗ ಮರದ ಶಬ್ದ ಗಟ್ಟಿಯಾಗಿ ಕೇಳಿಸುತ್ತದೆ, ಆದರೂ ಚೆಂಡು ಬಾಗಿ ಇಳಿಯುತ್ತದೆ. ಬರೀ ಶಬ್ದವಿದ್ದು ಚೆಂಡು ಬಾಗದಿದ್ದರೆ ನೀವು ಬಾರಿಸಿದ್ದೀರಿ. ಬಾಗಿದರೂ ಶಬ್ದವೇ ಇಲ್ಲದಿದ್ದರೆ ಬರೀ ಸವರಿದ್ದೀರಿ. ವಿಡಿಯೋ ಬೇಕಿಲ್ಲ, ಕಿವಿಯೇ ಹೇಳುತ್ತದೆ.

ಚೆಂಡು ಪುಟಿದು ತುದಿ ತಲುಪಿದಾಗಲೇ ತಾಗಿಸಬೇಕು. ತಡವಾದಷ್ಟೂ ಚೆಂಡು ಕೆಳಗಿಳಿಯುತ್ತದೆ, ಕೆಳಗಿಳಿದಷ್ಟೂ ಎತ್ತುವುದಕ್ಕೆ ಜಾಸ್ತಿ ವೇಗ ಖರ್ಚಾಗುತ್ತದೆ, ಮುಂದಕ್ಕೆ ಹೋಗಲು ಉಳಿಯುವುದು ಕಡಿಮೆ. ನನಗೆ ಕಾಣುವಂತೆ ಕ್ಲಬ್ ಆಟಗಾರರ ಪವರ್ ಲೂಪ್ ನೆಟ್‌ಗೆ ಬೀಳುವುದು ಬಹುಪಾಲು ಇದರಿಂದಲೇ. ಅವರು ಬ್ಯಾಟಿನ ಕೋನ ತಿದ್ದುತ್ತಾ ಕೂರುತ್ತಾರೆ, ತಿದ್ದಬೇಕಾದ್ದು ಕಾಲು. ಕಾಲು ಸಮಯಕ್ಕೆ ಬಂದರೆ ಪವರ್, ತಡವಾದರೆ ಸ್ಪಿನ್. ತಡವಾದ ಚೆಂಡಿಗೆ ಪವರ್ ಲೂಪ್ ಹಾಕಲು ಹೋಗಲೇಬೇಡಿ.

ಚೀನಾದ ಮಾ ಲಾಂಗ್ ಅವರ ಫೋರ್‌ಹ್ಯಾಂಡ್ ಇದಕ್ಕೆ ಒಳ್ಳೆಯ ಪಾಠ. 2016ರ ರಿಯೊ, ಆಮೇಲೆ ಟೋಕಿಯೊ, ಹೀಗೆ ಎರಡು ಒಲಿಂಪಿಕ್ಸ್‌ಗಳಲ್ಲಿ ಸಿಂಗಲ್ಸ್ ಚಿನ್ನ ಗೆದ್ದವರು. ಪಂದ್ಯವನ್ನು ನಿಧಾನ ಮಾಡಿ ನೋಡುವಾಗ ಕೈ ನೋಡಬೇಡಿ, ಬಲಗಾಲು ಮತ್ತು ಸೊಂಟ ನೋಡಿ. ಕೈ ಹೊರಡುವ ಮೊದಲೇ ಸೊಂಟ ತಿರುಗಿರುತ್ತದೆ. ನಮ್ಮವರಲ್ಲಿ ಶರತ್ ಕಮಲ್ ಅವರ ಫೋರ್‌ಹ್ಯಾಂಡ್ ನೋಡಿ. 2006ರಲ್ಲಿ ಮೆಲ್ಬರ್ನ್‌ನಲ್ಲಿ ಕಾಮನ್‌ವೆಲ್ತ್ ಸಿಂಗಲ್ಸ್ ಚಿನ್ನ ಗೆದ್ದವರು 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 40ರ ವಯಸ್ಸಿನಲ್ಲಿ ಮತ್ತೆ ಗೆದ್ದರು. ಬರೀ ತೋಳ ಬಲ ನೆಚ್ಚಿಕೊಂಡಿದ್ದರೆ ಅಷ್ಟು ವರ್ಷ ಆ ಹೊಡೆತ ಉಳಿಯುತ್ತಿರಲಿಲ್ಲ.

ಪೂರ್ತಿ ಬಲ ಹಾಕಬೇಡಿ. ಇದು ಕ್ಲಬ್ ಆಟಗಾರರಿಗೆ ನನ್ನ ಖಡಾಖಂಡಿತ ಸಲಹೆ. ನಿಮ್ಮಲ್ಲಿರುವ ಬಲದ ಮುಕ್ಕಾಲು ಭಾಗ ಹಾಕಿ. ಪೂರ್ತಿ ಬೀಸಿದ ಮೇಲೆ ದೇಹ ಓಲುತ್ತದೆ, ಬ್ಲಾಕ್ ಆಗಿ ಬಂದ ಚೆಂಡಿಗೆ ನೀವು ಸಿದ್ಧವಿರುವುದಿಲ್ಲ. ಮೂರು ಚೆಂಡು ಸತತವಾಗಿ ಹಾಕಬಲ್ಲ ಬಲವೇ ನಿಮ್ಮ ಸರಿಯಾದ ಬಲ.

ದಿಕ್ಕಿನ ಆಯ್ಕೆಯೂ ಇಲ್ಲಿ ಸೇರುತ್ತದೆ. ಮೂಲೆಯಿಂದ ಮೂಲೆಗೆ ಟೇಬಲ್ ಸುಮಾರು 3.14 ಮೀಟರ್. ನೇರಕ್ಕೆ ಹೋಲಿಸಿದರೆ 40 ಸೆಂಟಿಮೀಟರ್ ಜಾಸ್ತಿ ಜಾಗ. ಜೋರಿನ ಲೂಪ್ ಕಲಿಯುವಾಗ ಕ್ರಾಸ್ ಹಾಕಿ. ನೇರಕ್ಕೆ ಹಾಕುವಾಗ ಸ್ಪಿನ್ ಸ್ವಲ್ಪ ಹೆಚ್ಚಿಸಿ.

ಮೂರನೆಯದು: ಚಪ್ಪಟೆ ಹೊಡೆತ, ಸ್ಮ್ಯಾಶ್

ಎರಡು ನೆಟ್ ಎತ್ತರ ದಾಟಿದ ಚೆಂಡಿಗೆ ಲೂಪ್ ಹಾಕುವುದು ವ್ಯರ್ಥ. ಅಲ್ಲಿ ಸ್ಪಿನ್‌ಗೆ ಕೊಟ್ಟ ವೇಗವೆಲ್ಲ ಎದುರಾಳಿಗೆ ಉಸಿರಾಡಲು ಸಮಯ ಕೊಡುತ್ತದೆ. ಬ್ಯಾಟ್ ಮುಂದಕ್ಕೆ ಮತ್ತು ಸ್ವಲ್ಪ ಕೆಳಕ್ಕೆ ಹೋಗಲಿ, ಮುಖವೂ ಅದೇ ದಿಕ್ಕಿಗಿರಲಿ.

ಲಾಬ್, ಅಂದರೆ ದೂರದಿಂದ ಬಹಳ ಎತ್ತರಕ್ಕೆ ಎತ್ತಿದ ಚೆಂಡು ಬಂದಾಗ ಮಾತ್ರ ಎಚ್ಚರ. ಬಹಳ ಸಲ ಅದರಲ್ಲಿ ಟಾಪ್‌ಸ್ಪಿನ್ ಜೊತೆ ಸೈಡ್‌ಸ್ಪಿನ್ ಕೂಡ ಇರುತ್ತದೆ. ಪುಟಿದ ಮೇಲೆ ಯಾವ ಕಡೆ ವಾಲುತ್ತದೆ ಅಂತ ನೋಡಿ, ಕಾಲು ಸರಿಸಿ, ಆಮೇಲೆ ಹೊಡೆಯಿರಿ.

ಚಪ್ಪಟೆ ಆಟವನ್ನೇ ನೆಚ್ಚಿಕೊಂಡು ಮೇಲೆ ಬಂದವರೂ ಇದ್ದಾರೆ. ಜಪಾನಿನ ಮಿಮಾ ಇಟೊ ಬ್ಯಾಕ್‌ಹ್ಯಾಂಡ್ ಕಡೆ ಶಾರ್ಟ್ ಪಿಂಪಲ್ಸ್ (ಮೇಲ್ಮೈಯಲ್ಲಿ ಗಿಡ್ಡ ಗುಳ್ಳೆಗಳಿರುವ ರಬ್ಬರ್) ಇಟ್ಟುಕೊಂಡು, ಟೇಬಲ್‌ಗೆ ಅಂಟಿಕೊಂಡು ನಿಂತು, ಚೆಂಡು ಏಳುತ್ತಿರುವಾಗಲೇ ಹೊಡೆಯುತ್ತಾರೆ. ಶಾರ್ಟ್ ಪಿಂಪಲ್ಸ್ ಎದುರಾಳಿಯ ಸ್ಪಿನ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. ಆದರೆ ಆ ಆಟಕ್ಕೆ ಬೇಕಾದ ಕಣ್ಣಿನ ಚುರುಕು, ಸಮಯದ ಹಿಡಿತ ಚಿಕ್ಕಂದಿನಿಂದ ಬೆಳೆಸಿದ್ದು. ವಾರಕ್ಕೆರಡು ಸಂಜೆ ಆಡುವವರಿಗೆ ನಾನು ಆ ದಾರಿ ಹೇಳುವುದಿಲ್ಲ.

ಎದುರಿಗೆ ಯಾರಿದ್ದಾರೆ?

ಬ್ಲಾಕ್ ಮಾಡುವವರು ಒಂದೇ ವೇಗಕ್ಕೆ ಬೇಗ ಹೊಂದಿಕೊಳ್ಳುತ್ತಾರೆ. ಅವರಿಗೆ ಒಂದು ನಿಧಾನದ ಲೂಪ್, ಮುಂದಿನದು ಪವರ್ ಲೂಪ್, ಹೀಗೆ ಬದಲಿಸುತ್ತಾ ಹೋಗಿ. ಬೀಸು ಒಂದೇ ಥರ ಕಾಣಬೇಕು, ಬದಲಾಗಬೇಕಾದ್ದು ಚೆಂಡನ್ನು ಎಷ್ಟು ಒತ್ತುತ್ತೀರಿ ಅನ್ನೋದು ಮಾತ್ರ. ಇಷ್ಟು ಬಂದರೆ ನಿಮ್ಮ ಆಟ ಒಂದು ಮೆಟ್ಟಿಲು ಮೇಲೆ ಹೋದ ಹಾಗೆ.

ಚಾಪ್ ಮಾಡುವವರು ದೂರ ನಿಂತು ಎಲ್ಲವನ್ನೂ ತೆಗೆಯುತ್ತಾರೆ. ಅವರ ಮುಂದೆ ಬರೀ ಪವರ್ ಹಾಕಿದರೆ ದಣಿಯುವುದು ನೀವು. ಸ್ಪಿನ್ ಲೂಪ್‌ನಲ್ಲಿ ಕಾದು, ಚೆಂಡು ಮೇಲೆದ್ದಾಗ ಹೊಟ್ಟೆಯ ನೇರಕ್ಕೆ ಜೋರಾಗಿ ಹಾಕಿ.

ಲಾಂಗ್ ಪಿಂಪಲ್ಸ್, ಅಂದರೆ ಉದ್ದ ಗುಳ್ಳೆಗಳ ರಬ್ಬರ್, ನಮ್ಮಲ್ಲಿ ಬಹಳ ಜನ ಬಳಸುತ್ತಾರೆ. ಮನಿಕಾ ಬಾತ್ರಾ ಬ್ಯಾಕ್‌ಹ್ಯಾಂಡ್ ಕಡೆ ಅದನ್ನಿಟ್ಟುಕೊಂಡೇ ದೊಡ್ಡ ದೊಡ್ಡವರನ್ನು ಸೋಲಿಸಿದ್ದಾರೆ. ಈ ರಬ್ಬರ್ ಚೆಂಡಿನ ಸುತ್ತನ್ನು ಹೆಚ್ಚು ಬದಲಿಸುವುದಿಲ್ಲ. ನೀವು ಭಾರಿ ಟಾಪ್‌ಸ್ಪಿನ್ ಕೊಟ್ಟರೆ ಅದೇ ಸುತ್ತು ಭಾರಿ ಬ್ಯಾಕ್‌ಸ್ಪಿನ್ ಆಗಿ ನಿಮಗೇ ವಾಪಸ್ ಬರುತ್ತದೆ. ಮತ್ತೆ ಜೋರಾಗಿ ಬಾರಿಸಲು ಹೋದರೆ ನೆಟ್‌ಗೆ. ಇಲ್ಲಿ ಸ್ಪಿನ್ ಜಾಸ್ತಿ ಹಾಕುವುದೇ ತಪ್ಪು ಆಯ್ಕೆ. ಸ್ಪಿನ್ ಕಡಿಮೆ ಇರುವ, ಮಧ್ಯಮ ವೇಗದ, ಉದ್ದದ ಚೆಂಡು ಕೊಡಿ. ಅವರಿಗೆ ತಿರುಗಿಸಿ ಕೊಡಲು ಏನೂ ಸಿಗುವುದಿಲ್ಲ. ಲೂಪ್ ಹಾಕಲೇಬೇಕು ಅಂದರೆ, ಮುಂದಿನ ಚೆಂಡು ಬ್ಯಾಕ್‌ಸ್ಪಿನ್ ಅಂತ ಮೊದಲೇ ತಿಳಿದು, ಮಂಡಿ ಬಗ್ಗಿಸಿ ಕಾಯಿರಿ.

ಬ್ಯಾಕ್‌ಹ್ಯಾಂಡ್‌ಗೂ ಎತ್ತರದ ಲೆಕ್ಕ ಇದೇ. ಆದರೆ ದೇಹ ಅಡ್ಡ ಇರುವುದರಿಂದ ಬೀಸಲು ಜಾಗ ಕಡಿಮೆ, ಮಣಿಕಟ್ಟು ಮತ್ತು ಮುಂಗೈ ಹೆಚ್ಚು ಕೆಲಸ ಮಾಡುತ್ತವೆ. ಅಲ್ಲಿ ಸ್ಪಿನ್ ಕಡೆಗೇ ವಾಲಿರಿ, ಪವರ್ ಕೆಲಸ ಫೋರ್‌ಹ್ಯಾಂಡ್‌ಗೆ ಬಿಡಿ.

ಅಭ್ಯಾಸ

ಚೆಂಡಿನ ಅರ್ಧಕ್ಕೆ ಮಾರ್ಕರ್‌ನಲ್ಲಿ ಬಣ್ಣ ಬಳಿಯಿರಿ. ಸ್ಪಿನ್ ಚೆನ್ನಾಗಿದ್ದರೆ ಎರಡು ಬಣ್ಣ ಕಲೆತು ಒಂದಾಗಿ ಕಾಣುತ್ತದೆ, ಇಲ್ಲದಿದ್ದರೆ ಬಣ್ಣ ಮಿಣುಕುತ್ತಾ ಹೋಗುತ್ತದೆ. ನಿಮಗೆ ಸ್ಪಿನ್ ಬರುತ್ತಿದೆಯಾ ಇಲ್ವಾ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ನೆಟ್‌ನ ಮೇಲೆ ಇನ್ನೊಂದು ಗೇಣು ಎತ್ತರಕ್ಕೆ ದಾರ ಕಟ್ಟಿ. ನಿಧಾನದ ಲೂಪ್ ದಾರದ ಮೇಲಿಂದ, ಪವರ್ ಲೂಪ್ ದಾರದ ಕೆಳಗಿನಿಂದ ಹೋಗಬೇಕು. ಜೊತೆಗಾರರು ಬಕೆಟ್‌ನಿಂದ ಒಂದೇ ಥರದ ಬ್ಯಾಕ್‌ಸ್ಪಿನ್ ಚೆಂಡು ಕೊಡುತ್ತಿರಲಿ. ಮೊದಲನೆಯದನ್ನು ತೆಳುವಾಗಿ ಸವರಿ, ಎರಡನೆಯದನ್ನು ಸ್ವಲ್ಪ ಒತ್ತಿ, ಮೂರನೆಯದನ್ನು ಚೆನ್ನಾಗಿ ಒತ್ತಿ. ಬೀಸುವ ವೇಗ ಮೂರಕ್ಕೂ ಒಂದೇ. ಹೀಗೆ ತೆಳುವಿನಿಂದ ಗಟ್ಟಿ ಕಡೆಗೆ ಹೋಗುವುದು ಸರಿಯಾದ ದಾರಿ. ಚಪ್ಪಟೆ ಹೊಡೆದು ರೂಢಿಯಾದವರು ಆಮೇಲೆ ಸ್ಪಿನ್ ಸೇರಿಸಲು ಬಹಳ ಕಷ್ಟಪಡುವುದನ್ನು ನೋಡಿದ್ದೇನೆ.

ರಬ್ಬರ್ ಯಾವುದು?

ಹರಿಕೇನ್ 3 ಥರದ ಚೀನೀ ರಬ್ಬರ್‌ಗಳ ಮೇಲ್ಮೈ ಅಂಟಂಟಾಗಿರುತ್ತದೆ, ಸ್ಪಾಂಜ್ ಗಟ್ಟಿ. ಜೋರಾಗಿ ಬೀಸಿದರೆ ಸ್ಪಿನ್, ಪವರ್ ಎರಡೂ ಧಾರಾಳ. ಮೆಲ್ಲಗೆ ಬೀಸಿದರೆ ಚೆಂಡು ಸತ್ತಂತೆ ಹೋಗುತ್ತದೆ. ಟೆನರ್ಜಿ 05 ಥರದ ಜಪಾನೀ ರಬ್ಬರ್‌ಗಳು ಚಿಮ್ಮುವ ಗುಣದವು, ಅರ್ಧ ಬೀಸಿದರೂ ಚೆಂಡು ಓಡುತ್ತದೆ. ಆದರೆ ಎದುರಿನ ಸ್ಪಿನ್‌ಗೆ ಬೇಗ ಬಗ್ಗುತ್ತವೆ, ಬ್ಲಾಕ್ ಮತ್ತು ಪುಶ್ ಮಾಡುವಾಗ ಕೈ ನಡುಗಿಸುತ್ತವೆ. ಬೆಲೆಯೂ ಜಾಸ್ತಿ. ಕಲಿಯುತ್ತಿರುವವರಿಗೆ ನಾನು ಎರಡನ್ನೂ ಹೇಳುವುದಿಲ್ಲ. ಯಾಸಾಕಾ ಮಾರ್ಕ್ ಫೈವ್ ಥರದ ಹಳೆಯ, ನಂಬಿಕೆಯ ರಬ್ಬರ್, 1.8 ಅಥವಾ 2 ಮಿಲಿಮೀಟರ್ ಸ್ಪಾಂಜ್, ಐದು ಪದರದ ಮರದ ಬ್ಲೇಡ್ (ರಬ್ಬರ್ ಅಂಟಿಸುವ ಹಲಗೆ) ಸಾಕು. ಕಾರ್ಬನ್ ಬ್ಲೇಡ್‌ನಲ್ಲಿ ಚೆಂಡು ಬೇಗ ಬಿಟ್ಟುಹೋಗುತ್ತದೆ. ಒತ್ತಿ ಉಜ್ಜುವುದು ಹೇಗೆ ಅಂತ ಕೈಗೆ ಗೊತ್ತಾಗುವುದು ಮರದಲ್ಲೇ. ಚಿಮ್ಮುವ ಗುಣ ಹೆಚ್ಚಿಸಲು ರಬ್ಬರ್‌ಗೆ ಬೂಸ್ಟರ್ ಎಣ್ಣೆ ಹಚ್ಚುವುದು ನಿಯಮಕ್ಕೆ ವಿರುದ್ಧ, ಆ ಗೋಜಿಗೆ ಹೋಗಬೇಡಿ.

ಮಂಗಳೂರು, ಉಡುಪಿ, ಕಾರವಾರದ ಕಡೆ ಆಡುವವರಿಗೆ ಒಂದು ಮಾತು. ಮಳೆಗಾಲದಲ್ಲಿ ರಬ್ಬರ್ ಮೇಲೂ ಚೆಂಡಿನ ಮೇಲೂ ತೇವ ಕೂರುತ್ತದೆ. ಆಗ ತೆಳುವಾಗಿ ಸವರಿದರೆ ಚೆಂಡು ಜಾರಿ ನೆಟ್‌ಗೆ ಬೀಳುತ್ತದೆ. ಅಂಥ ದಿನ ಸ್ವಲ್ಪ ಹೆಚ್ಚು ಒತ್ತಿ ಆಡಿ. ಒಣ ಬಟ್ಟೆ ಇಟ್ಟುಕೊಂಡು ಚೆಂಡನ್ನೂ ರಬ್ಬರನ್ನೂ ಆಗಾಗ ಒರೆಸಿ. ಬಯಲುಸೀಮೆಯ ಹಾಲ್‌ಗಳಲ್ಲಿ ತೊಂದರೆ ಧೂಳಿನದು, ಆಟ ಮುಗಿದ ಮೇಲೆ ಒದ್ದೆ ಸ್ಪಾಂಜ್‌ನಲ್ಲಿ ಒರೆಸಿ ಒಣಗಿಸಿಡಿ.

ಹೊಸದನ್ನು ಕೊಳ್ಳುವಾಗ ಫೋರ್‌ಹ್ಯಾಂಡ್ ಕಡೆಯ ರಬ್ಬರ್ ಒಂದನ್ನೇ ಬದಲಿಸಿ, ಬ್ಲೇಡ್ ಹಳೆಯದೇ ಇರಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಚೆಂಡು ಹೊರಗೆ ಹೋಗುತ್ತಿರುವುದು ಯಾವುದರಿಂದ ಅಂತ ಗೊತ್ತಾಗುವುದೇ ಇಲ್ಲ.